ಮೂರು ಖಾಲಿ ಸೀಟು

ನಮ್ಮ ಊರಿನಲ್ಲಿ ಯಾರಾದರೂ ಎದುರಿಗೆ ಸಿಕ್ಕರೆ ಮೊದಲು ಮುಖ ನೋಡುವುದಿಲ್ಲ, ಪಾದ ನೋಡುತ್ತೇವೆ. ಹಿಮ್ಮಡಿ ನೆಲಕ್ಕೆ ತಾಗಿದ್ದರೆ "ಊಟ ಆಯ್ತಾ?" ಎಂದು ಕೇಳಿ ಮುಂದೆ ಹೋಗುತ್ತೇವೆ. ತಾಗಿರದಿದ್ದರೆ "ಯಾವತ್ತಿಗೆ ಸಿಕ್ತು?" ಎಂದು ನಿಲ್ಲಿಸುತ್ತೇವೆ. ಕೆರೆಯಾಚೆಯ ಆಟದ ತೋಟಕ್ಕೆ ಟಿಕೆಟ್ಟು ಬುಕ್ ಆದವರ ಕಾಲು ಅವತ್ತಿನಿಂದಲೇ ನೆಲ ಬಿಡುತ್ತದೆ. ಮೊದಲ ವಾರ ಒಂದು ಕಾಗದ ತೂರುವಷ್ಟು, ವರ್ಷ ಕಳೆಯುವ ಹೊತ್ತಿಗೆ ಒಂದು ಬೆರಳು, ಹೋಗುವ ತಿಂಗಳು ಬಂತೆಂದರೆ ಒಂದು ಗೇಣು. ತೋಟಕ್ಕೆ ಹೋಗಿ ಬಂದ ಮಾರನೆಯ ಬೆಳಿಗ್ಗೆ ಎಲ್ಲರೂ ಮತ್ತೆ ನಮ್ಮ ಹಾಗೆಯೇ ಧೂಳು ತುಳಿಯುತ್ತಾರೆ.

ಊರು ಇದಕ್ಕೆ ಹೊಂದಿಕೊಂಡು ಎಷ್ಟೋ ಕಾಲವಾಯಿತು. ಆಷಾಢದ ಗಾಳಿಗೆ ತಾಯಂದಿರು ಮಕ್ಕಳ ಸ್ಕೂಲ್ ಬ್ಯಾಗಿನಲ್ಲಿ ಒಂದೊಂದು ಗುಂಡುಕಲ್ಲು ಇಟ್ಟು ಕಳಿಸುತ್ತಾರೆ. ಬಸ್ಸು ತಿರುವಿಗೆ ಬಂದರೆ ಕಂಡಕ್ಟರು "ತೋಟದ ಟಿಕೆಟ್ನೋರು ಕಂಬಿ ಹಿಡ್ಕೊಳ್ರಪ್ಪಾ" ಎಂದು ಕೂಗುತ್ತಾನೆ. ಬುಕಿಂಗ್ ನಡೆಯುವ ದಿನ ಚಪ್ಪಲಿ ಅಂಗಡಿಯವನು ಬೇಜಾರಿನಿಂದ ಬಾಗಿಲು ಹಾಕಿಕೊಂಡು ಮಲಗಿಬಿಡುತ್ತಾನೆ. ಹಾಗೆಂದು ಹೆಸರು ಬರೆಸಿದ ಮಾತ್ರಕ್ಕೆ ಕಾಲು ಏಳುತ್ತದೆ ಎಂದೇನೂ ಇಲ್ಲ. ಬ್ಯಾಂಡ್‌ಸೆಟ್ ಮುನಿಸ್ವಾಮಿಯ ಸೊಸೆಯನ್ನು ಅವಳ ಅತ್ತೆ, ಅತ್ತೆಯ ಅಕ್ಕ, ಆ ಅಕ್ಕನ ಮಗಳು, ಈ ಮೂವರ ಜೊತೆ ಬುಕ್ ಮಾಡಿಸಿದ್ದರು. ಮೂವರೂ ಮೇಲೆ, ಆ ಹುಡುಗಿ ಮಾತ್ರ ಹೋಗುವ ದಿನದವರೆಗೂ ನೆಲದ ಮೇಲೇ ನಡೆದಳು. ಊರೆಲ್ಲ ನಕ್ಕಿತು. ನಾನೂ ನಕ್ಕಿದ್ದೆ.

ನಾನು ಕುಮುದ. ಸಂತೆಬೀದಿಯ ತುದಿಯಲ್ಲಿ ಹಿಟ್ಟಿನ ಗಿರಣಿ ಇದೆಯಲ್ಲ, ಅದು ನಮ್ಮದು. ಮನೆಯಲ್ಲಿ ನಾನು ಮತ್ತು ನನ್ನ ಗಂಡ ಚೆಲುವರಾಜು ಇಬ್ಬರೇ. ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ನನ್ನ ಗಂಟಲು ದೊಡ್ಡದಾಗಿದೆ, ಅವರದು ಇದ್ದದ್ದೂ ಹೋಗಿದೆ. ಹತ್ತೊಂಬತ್ತು ವರ್ಷದಿಂದ ನಾನು ಹೇಳುತ್ತೇನೆ, ಅವರು ತಲೆಯಾಡಿಸುತ್ತಾರೆ. ಇದಕ್ಕೇ ಹೊಂದಾಣಿಕೆ ಎನ್ನುತ್ತಾರೆಂದು ನಾನು ತಿಳಿದಿದ್ದೆ.

ಬುಕಿಂಗ್ ಕಿಟಕಿ ತೆರೆಯುವುದು ವರ್ಷಕ್ಕೆ ಒಂದೇ ಬೆಳಿಗ್ಗೆ, ಮಾಘ ಮಾಸದ ಮೊದಲ ಸೋಮವಾರ. ಎರಡು ವರ್ಷ ಮುಂದಿನ ಬೇಸಿಗೆ ರಜೆಗೆ ಅವತ್ತೇ ಎಲ್ಲ ತೀರ್ಮಾನ. ಒಂದು ಟಿಕೆಟ್ಟಿಗೆ ನಾಲ್ಕು ಸೀಟು. ಯಾವ ದಿನ, ಯಾರು ಯಾರು, ಎಷ್ಟು ಗಂಟೆಗೆ ಯಾವ ಆಟ, ಊಟಕ್ಕೆ ಎಷ್ಟು ಎಲೆ, ಎಲೆಯ ಮೇಲೆ ಏನು, ಎಲ್ಲವನ್ನೂ ಕಿಟಕಿಯ ಮುಂದೆ ಒಂದೇ ಉಸಿರಿಗೆ ಹೇಳಬೇಕು. ತಡವರಿಸಿದರೆ ಹಿಂದಿನವರು ತಳ್ಳಿಬಿಡುತ್ತಾರೆ. ಅದಕ್ಕೇ ನಮ್ಮ ಹೆಂಗಸರು ಚಪಾತಿ ಲಟ್ಟಿಸುವಾಗ, ಬಟ್ಟೆ ಒಗೆಯುವಾಗ, ದೇವರ ಮುಂದೆ ದೀಪ ಹಚ್ಚುವಾಗ ಸಹ ತಮ್ಮ ತಮ್ಮ ಪಟ್ಟಿಯನ್ನು ಬಾಯಿಪಾಠ ಮಾಡುತ್ತಿರುತ್ತಾರೆ. ನನ್ನ ಪಟ್ಟಿಯನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಹತ್ತಕ್ಕೆ ನೀರಿನ ಜಾರುಬಂಡೆ, ಹನ್ನೊಂದೂ ಕಾಲಿಗೆ ಪುಟಾಣಿ ರೈಲು, ಹನ್ನೆರಡೂವರೆಗೆ ಊಟ, ಒಂದೂವರೆಗೆ ಕನ್ನಡಿ ಮನೆ, ಎರಡೂವರೆಗೆ ದೋಣಿ, ನಾಲ್ಕಕ್ಕೆ ತೊಟ್ಟಿಲು. ತೊಟ್ಟಿಲು ಎಂದರೆ ಅಲ್ಲಿಯ ದೊಡ್ಡ ಚಕ್ರ, ನಮ್ಮ ಗಿರಣಿಯ ಬಾಗಿಲಿನಿಂದಲೂ ಅದರ ತಲೆ ಕಾಣುತ್ತದೆ.

ಎಂಟು ವರ್ಷ ಸಾಲಿನಲ್ಲಿ ನಿಂತೆ. ಒಮ್ಮೆಯೂ ಸಿಗಲಿಲ್ಲ. ಒಂದು ವರ್ಷ ನನ್ನ ಮುಂದಿನವಳಿಗೆ ಕೊಟ್ಟು, ನನ್ನ ಮೂಗಿನ ಮುಂದೆಯೇ ಕಿಟಕಿ ಹಾಕಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಆ ಕಿಟಕಿ ನೋಡಿಯೇ ಹುಟ್ಟಿರಬೇಕು.

ನಮ್ಮ ಎದುರು ಮನೆಯ ವನಮಾಲಳಿಗೆ ಮಾತ್ರ ತಪ್ಪದೆ ಸಿಗುತ್ತದೆ. ಹಪ್ಪಳ ಮಾಡಿ ಮಾರುತ್ತಾಳೆ, ಉದ್ದು ಬೀಸಿಸಲು ನಮ್ಮಲ್ಲಿಗೇ ಬರುತ್ತಾಳೆ. ಗಂಡ ಎಲ್ಲೋ ದೂರದಲ್ಲಿ ಕೆಲಸದಲ್ಲಿದ್ದಾನಂತೆ, ಈ ಬೀದಿಯಲ್ಲಿ ಅವನನ್ನು ಕಂಡವರಿಲ್ಲ. ಅವಳೂ ಇಬ್ಬರು ಹೆಣ್ಣುಮಕ್ಕಳೂ ವರ್ಷವೆಲ್ಲ ನೆಲದಿಂದ ಮೂರು ನಾಲ್ಕು ಬೆರಳು ಮೇಲೆಯೇ ಓಡಾಡುತ್ತಾರೆ. ಅವಳ ಚಪ್ಪಲಿ ಸವೆಯುವುದಿಲ್ಲ. ಅವಳ ಹಿಮ್ಮಡಿಯಲ್ಲಿ ಒಂದು ಬಿರುಕಿಲ್ಲ. ಮಳೆಗಾಲದಲ್ಲಿ ನಾವೆಲ್ಲ ಸೀರೆ ಎತ್ತಿ ಹಿಡಿದು ಕೆಸರು ಬಳಿದುಕೊಂಡರೆ ಅವಳು ನೆರಿಗೆಗೆ ಒಂದು ಹನಿ ಹಾರದಂತೆ ಬಂದು "ಕುಮುದಕ್ಕಾ, ನುಣ್ಣಗೆ ಬೀಸ್ಕೊಡಿ" ಎನ್ನುತ್ತಾಳೆ. ಮುಚ್ಚಿಟ್ಟು ಏನು ಪ್ರಯೋಜನ, ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು. ಅವಳ ಉದ್ದಿನ ಹಿಟ್ಟನ್ನು ಎಷ್ಟೋ ಸಲ ಬೇಕೆಂದೇ ತರಿತರಿಯಾಗಿ ಬೀಸಿಕೊಟ್ಟಿದ್ದೇನೆ. ಅದರಲ್ಲೂ ಅವಳು ಚೆನ್ನಾದ ಹಪ್ಪಳವನ್ನೇ ಮಾಡಿದಳು, ನನ್ನ ಹೊಟ್ಟೆ ಇನ್ನಷ್ಟು ಉರಿಯಿತು.

ಕಳೆದ ಮಾಘದಲ್ಲಿ, ಬುಕಿಂಗ್ ದಿನವೇ ನನಗೆ ಚಳಿಜ್ವರ ಬಂತು. ಏಳಲು ಆಗಲಿಲ್ಲ. ಕಂಬಳಿಯೊಳಗಿಂದಲೇ ಗಂಡನಿಗೆ ಪಟ್ಟಿ ಹೇಳಿಕೊಟ್ಟೆ. ಅವರು ಪಕ್ಕದಲ್ಲಿ ಕೂತು ಒಂದೂ ತಪ್ಪದೆ ಒಪ್ಪಿಸಿದರು. ಹನ್ನೆರಡು ಗಂಟೆಗೆ ವಾಪಸ್ಸು ಬಂದು, ಬಾಗಿಲಲ್ಲೇ ನಿಂತು, "ಸಿಕ್ಲಿಲ್ಲ ಕಣೇ, ಮುಂಚೇನೇ ಕಿಟಕಿ ಹಾಕ್ಬಿಟ್ರು" ಅಂದರು. ನಾನು ಗೋಡೆಯ ಕಡೆ ತಿರುಗಿ ಮಲಗಿ ಅತ್ತೆ. ಅವರು ಗಂಜಿ ಮಾಡಿ, ಮೆಲ್ಲಗೆ ನಕ್ಕು ತಂದುಕೊಟ್ಟರು. ಅಳುವ ಭರದಲ್ಲಿ ಅವರ ಪಾದ ನೋಡುವುದು ಮರೆತುಹೋಯಿತು. ಹುಟ್ಟಿದಾಗಿನಿಂದ ಇರುವ ಅಭ್ಯಾಸ ಆ ಒಂದು ದಿನ ಕೈಕೊಟ್ಟಿತು.

ಆಮೇಲೆ ಗಿರಣಿಯಲ್ಲಿ ತೂಕದ ಕಲ್ಲುಗಳು ಮಾಯವಾಗತೊಡಗಿದವು. ಇವತ್ತು ಎರಡು ಕೆಜಿಯದು ಇಲ್ಲ, ನಾಳೆ ಒಂದು ಕೆಜಿಯದು ಇಲ್ಲ. ನಾನು ಕೂಗಾಡುತ್ತಿದ್ದೆ, ಅವರು "ಇಲ್ಲೇ ಎಲ್ಲೋ ಇರತ್ತೆ ಬಿಡು" ಎನ್ನುತ್ತಿದ್ದರು. ಸಾಯಂಕಾಲದ ಹೊತ್ತಿಗೆ ಅವು ತಕ್ಕಡಿಯ ಪಕ್ಕದಲ್ಲೇ ಕೂತಿರುತ್ತಿದ್ದವು. ನಾನು ಇಲಿಗಳ ಮೇಲೆ ಕೂಡ ಅನುಮಾನ ಪಟ್ಟೆ. ಎರಡು ಕೆಜಿ ಕಬ್ಬಿಣ ಎಳೆದುಕೊಂಡು ಹೋಗುವ ಇಲಿ ಇದ್ದರೆ ಅದಕ್ಕೂ ತೋಟದ ಟಿಕೆಟ್ಟು ಸಿಕ್ಕಿರಬೇಕು ಎಂದು ತಮಾಷೆ ಮಾಡಿದೆ. ಅವರು ನಗಲಿಲ್ಲ.

ಹತ್ತು ತಿಂಗಳ ನಂತರ, ಒಂದು ಬೆಳಿಗ್ಗೆ, ಮೊದಲ ಮೂಟೆ ರಾಗಿ ಬೀಸಿ ಮುಗಿದಿತ್ತು. ಗಿರಣಿಯ ನೆಲದ ಮೇಲೆಲ್ಲ ಹಿಟ್ಟು ಸಣ್ಣಗೆ ಕೂತಿತ್ತು. ಕಾಫಿ ತಂದು ಇಟ್ಟವಳು ಗುಡಿಸಲೆಂದು ಪೊರಕೆ ತೆಗೆದುಕೊಂಡೆ. ಬಾಗಿಲಿನಿಂದ ತಕ್ಕಡಿಯವರೆಗೆ ನನ್ನ ಹೆಜ್ಜೆಗಳಿದ್ದವು. ರಾಗಿ ತಂದ ಮುದುಕಿಯ ಹೆಜ್ಜೆಗಳಿದ್ದವು. ಮೂಟೆ ಎಳೆದ ಗೆರೆಯಿತ್ತು. ಬೆಳಿಗ್ಗೆಯಿಂದ ಆ ನೆಲದ ಮೇಲೆ ನೂರು ಸಲ ಓಡಾಡಿದ ನನ್ನ ಗಂಡನದು ಒಂದೇ ಒಂದು ಹೆಜ್ಜೆ ಇರಲಿಲ್ಲ. ತಲೆಯೆತ್ತಿ ನೋಡಿದೆ. ಅವರು ಬೆನ್ನು ತಿರುಗಿಸಿ ಬೆಲ್ಟಿಗೆ ಎಣ್ಣೆ ಹಾಕುತ್ತಿದ್ದರು. ಹಿಮ್ಮಡಿಯ ಕೆಳಗೆ ಒಂದು ಬೆರಳಿನಷ್ಟು ಬೆಳಕು ಕಾಣುತ್ತಿತ್ತು. ಹಿಂದಿನ ದಿನದ ಖಾಕಿ ಚಡ್ಡಿ ಗೂಟಕ್ಕೆ ನೇತುಬಿದ್ದಿತ್ತು. ಅದರ ಜೇಬು ಹೊರಗೆಳೆದು ನೋಡಿದೆ. ಎರಡು ಕಡೆಯೂ ಒಂದೊಂದು ಕೆಜಿ ಕಲ್ಲು. ಅವತ್ತು ಚಡ್ಡಿ ಬದಲಾಯಿಸಿದವರು ಕಲ್ಲು ಬದಲಾಯಿಸಲು ಮರೆತಿದ್ದರು.

ಟಿಕೆಟ್ಟು ಸಿಕ್ಕವರು ಊರಿಗೆಲ್ಲ ತೋರಿಸಿಕೊಂಡು ತಿರುಗುತ್ತಾರೆ. ಸಿಕ್ಕಿದ್ದನ್ನು ಮುಚ್ಚಿಟ್ಟವರನ್ನು ನಾನು ಕೇಳಿಯೂ ಇರಲಿಲ್ಲ. ಮುಚ್ಚಿಡುತ್ತಾರೆ ಎಂದರೆ ಮುಚ್ಚಿಡುವಂಥದ್ದು ಏನೋ ಇರಬೇಕು. ನಾಲ್ಕು ಸೀಟಿನ ಟಿಕೆಟ್ಟು. ವನಮಾಲ ಒಂದು, ಮಕ್ಕಳು ಎರಡು. ನಾಲ್ಕನೆಯದು? ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಉದ್ದಿನ ಡಬ್ಬ ಅವಳ ಕೈಯಿಂದ ಇವರು ಇಸಿದುಕೊಳ್ಳುವಾಗಿನ ಮೆಲುದನಿ, "ನಿಮ್ಮೋರು ಒಳ್ಳೇರು ಕುಮುದಕ್ಕ" ಎಂದು ಅವಳು ಆಗಾಗ ಹೇಳುವುದು, ಎಲ್ಲ ಒಟ್ಟಿಗೆ ನೆನಪಿಗೆ ಬಂತು. ಗಂಡನನ್ನೇ ಕೇಳಬಹುದಿತ್ತು. ಕೇಳಿ, ಅವರು ಹೌದು ಎಂದು ತಲೆಯಾಡಿಸಿಬಿಟ್ಟರೆ? ಪೊರಕೆ ಮೂಲೆಗೆ ಎಸೆದು ಎದುರು ಮನೆಯ ಮಹಡಿ ಹತ್ತಿದೆ.

ವನಮಾಲ ಬಿಸಿಲಿಗೆ ಹಪ್ಪಳ ಹರವುತ್ತಿದ್ದಳು. ಹಪ್ಪಳಗಳ ಮೇಲೆಯೇ, ಒಂದಕ್ಕೂ ತಾಗದೆ, ಆಚೆ ತುದಿಯಿಂದ ನನ್ನ ಕಡೆ ನಡೆದು ಬಂದಳು. ಅದನ್ನು ನೋಡಿಯೇ ನನ್ನ ನಾಲಿಗೆಯ ಕಡಿವಾಣ ಹರಿಯಿತು.

"ನಾಲ್ಕನೇ ಸೀಟಲ್ಲಿ ಯಾರನ್ನ ಕೂರಿಸ್ಕೊಂಡಿದೀಯೆ? ಹೇಳು!"

ಅವಳು ಕೈಯಲ್ಲಿದ್ದ ಹಪ್ಪಳವನ್ನು ಕೆಳಗಿಟ್ಟಳು. ಆಮೇಲೆ ಒಳಗೆ ಹೋಗಿ, ದೇವರ ಪಟದ ಹಿಂದಿನಿಂದ ಟಿಕೆಟ್ಟು ತಂದು ನನ್ನ ಕೈಗೆ ಕೊಟ್ಟಳು. ನಾಲ್ಕನೆಯ ಗೆರೆಯ ಮೇಲೆ ಅವಳ ಗಂಡನ ಹೆಸರಿತ್ತು.

"ಪ್ರತಿ ಸಲ ಬರೆಸ್ತೀನಿ ಕುಮುದಕ್ಕ," ಅಂದಳು. "ಬರ್ತೀನಿ ಅಂತಾನೇ ಕಾಗದ ಹಾಕ್ತಾರೆ. ಆ ಸೀಟು ಖಾಲೀನೇ ಹೋಗಿ ಖಾಲೀನೇ ಬರತ್ತೆ. ನಿಮ್ಮೋರನ್ನ ನಾನ್ಯಾಕಮ್ಮ ಬರೆಸ್ಲಿ? ನನ್ನ ಬಾಯಲ್ಲಿ ಆ ಹೆಸರು ಬರತ್ತಾ?"

ನನಗೆ ನಾಚಿಕೆಯಾಗಬೇಕಿತ್ತು. ಆಗಲೂ ನಾನು ಅವಳ ಪಾದವನ್ನೇ ನೋಡುತ್ತಿದ್ದೆ. ಬರದ ಗಂಡನನ್ನು ಕಟ್ಟಿಕೊಂಡೂ ಇಷ್ಟೆತ್ತರ ಏಳುತ್ತಾಳಲ್ಲ ಎಂದು ಮತ್ತೆ ಕಿಚ್ಚಾಯಿತು. ಟಿಕೆಟ್ಟು ಅವಳ ಕೈಗೆ ತುರುಕಿ, ಇಳಿಯುವಾಗ ಎರಡು ಹಪ್ಪಳ ತುಳಿದು, ಸೀದಾ ಬುಕಿಂಗ್ ಕಿಟಕಿಗೆ ಹೋದೆ. ಹೊಸ ಟಿಕೆಟ್ಟು ಕೊಡುವುದು ವರ್ಷಕ್ಕೊಂದು ದಿನವಾದರೂ, ತಿದ್ದುಪಡಿಗೆ ದಿನಾ ಹತ್ತರಿಂದ ಒಂದರವರೆಗೆ ಅದು ತೆರೆದಿರುತ್ತದೆ.

ಕಿಟಕಿಯ ಗುಮಾಸ್ತ ಪದ್ಮನಾಭಯ್ಯನವರು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. "ಹಿಟ್ಟಿನ ಗಿರಣಿ ಚೆಲುವರಾಜು. ಯಾರ ಟಿಕೆಟ್ನಲ್ಲಿದಾರೆ ನೋಡಿ," ಅಂದೆ.

"ನೀವು ಏನಾಗ್ಬೇಕಮ್ಮ?"

"ಹೆಂಡ್ತಿ."

"ಹಂಗಾದ್ರೆ ನೋಡ್ಬಹುದು," ಎಂದು ರಿಜಿಸ್ಟರು ತೆಗೆದು, ಹಾಳೆ ಮಗುಚಿ, ನನ್ನ ಕಡೆ ತಿರುಗಿಸಿದರು.

ಮೊದಲ ಗೆರೆಯಲ್ಲಿ ಚೆಲುವರಾಜು ಎಂದಿತ್ತು. ಅದರ ಕೆಳಗಿನ ಮೂರು ಗೆರೆ ಖಾಲಿ. ನಾನು ಹಾಳೆಯನ್ನು ಎತ್ತಿ ಹಿಂಬದಿಯನ್ನೂ ನೋಡಿದೆ. ಅಲ್ಲಿಯೂ ಯಾರೂ ಇರಲಿಲ್ಲ. ಆಟಗಳ ಕಾಲಂನಲ್ಲಿ ಹತ್ತು ಗಂಟೆಗೆ ತೊಟ್ಟಿಲು, ಹನ್ನೊಂದಕ್ಕೆ ತೊಟ್ಟಿಲು, ಹನ್ನೆರಡಕ್ಕೆ ತೊಟ್ಟಿಲು, ಎರಡಕ್ಕೆ, ಮೂರಕ್ಕೆ, ನಾಲ್ಕಕ್ಕೆ ತೊಟ್ಟಿಲು. ಊಟಕ್ಕೆ ಒಂದು ಎಲೆ, ಕೆರೆ ಕಾಣುವ ಮೂಲೆಯ ಮೇಜು, ಶ್ಯಾವಿಗೆ ಪಾಯಸ ಎರಡು ಸಲ. ನಮ್ಮ ಮನೆಯಲ್ಲಿ ಶ್ಯಾವಿಗೆ ಪಾಯಸ ಮಾಡಿ ಎಷ್ಟೋ ವರ್ಷವಾಗಿತ್ತು. ನನಗೆ ಅದರ ವಾಸನೆ ಆಗದು, ಅವರಿಗೂ ಆಗದು ಎಂದು ನಾನೇ ತೀರ್ಮಾನ ಮಾಡಿದ್ದೆ.

"ಜ್ಞಾಪಕ ಇದೆ ಕಣಮ್ಮ," ಅಂದರು ಪದ್ಮನಾಭಯ್ಯ. "ಇನ್ಯಾರನ್ನ ಬರೀಲಿ ಅಂತ ಕೇಳ್ದೆ. ಹಿಂದಿದ್ದೋರು ಬಯ್ತಿದ್ರು. ಅವರು ಕೆರೆ ಕಡೆ ಒಂದ್ಸಲ ತಿರುಗಿ ನೋಡಿ, ಒಬ್ನೇ ಸಾರ್ ಅಂದ್ರು. ಹಂಗಂದೋರು ಹಂಗೇ ಎದ್ರು ನೋಡಿ! ಮೊದಲ್ನೇ ದಿನಾನೇ ಅಷ್ಟೆತ್ತರ ಎದ್ದೋರನ್ನ ನಾನು ಇಲ್ಲಿ ಕೂತ ಮೇಲೆ ನೋಡೇ ಇಲ್ಲ."

ಆ ಟಿಕೆಟ್ಟಿನಲ್ಲಿ ವನಮಾಲ ಇದ್ದಿದ್ದರೆ ಜುಟ್ಟು ಹಿಡಿದು ಜಗಳ ಆಡಬಹುದಿತ್ತು. ಬೀದಿಯಲ್ಲಿ ನಿಂತು ಬಾಯಿಗೆ ಬಂದದ್ದು ಅನ್ನಬಹುದಿತ್ತು. ಖಾಲಿ ಸೀಟಿನ ಜುಟ್ಟು ಹಿಡಿಯುವುದು ಹೇಗೆ? ನನ್ನ ಗಂಡನಿಗೆ ನನಗಿಂತ ಹೆಚ್ಚಾಗಿ ಬೇಕಾದವರು ಯಾರೂ ಇರಲಿಲ್ಲ ನಿಜ. ಆದರೆ ಯಾರೂ ಇಲ್ಲದಿರುವುದೇ ಅವರಿಗೆ ನನಗಿಂತ ಹೆಚ್ಚಾಗಿ ಬೇಕಾಗಿತ್ತು. ಜ್ವರದಲ್ಲಿ ಬಿದ್ದಿದ್ದ ನನಗೆ ಗಂಜಿ ಕುಡಿಸಿದ ಕೈ, ಅದೇ ಬೆಳಿಗ್ಗೆ ನನ್ನ ಪಟ್ಟಿಯನ್ನು ಗಾಳಿಗೆ ತೂರಿ ಬಂದಿತ್ತು. ಆ ಮೂರು ಖಾಲಿ ಗೆರೆಗಳನ್ನು ಕಂಡು ನನಗಾದಷ್ಟು ಹೊಟ್ಟೆಕಿಚ್ಚು ಯಾವ ಹೆಂಗಸನ್ನು ಕಂಡೂ ಆಗಿರಲಿಲ್ಲ.

"ಹೆಂಡ್ತಿ ಬಂದ್ರೆ ಎರಡು ಕೆಲ್ಸ," ಎಂದು ಪದ್ಮನಾಭಯ್ಯ ಪೆನ್ನಿನ ಮುಚ್ಚಳ ತೆಗೆದರು. "ಗಂಡನ ಹೆಸರು ಹೊಡೆದು ಹಾಕಿಸ್ಬಹುದು, ಇಲ್ಲಾ ತನ್ನ ಹೆಸರು ಸೇರಿಸ್ಬಹುದು. ಅವರನ್ನ ಕೇಳೋ ಹಾಗಿಲ್ಲ, ರೂಲು ಹಂಗಿದೆ. ಇಲ್ಲಾಂದ್ರೆ ಹಂಗೇ ಬಿಟ್ಟು ಮನೆಗೆ ಹೋಗ್ಬಹುದು. ಅದಕ್ಕೆ ಯಾವ ಅರ್ಜೀನೂ ಬೇಡ."

ನಾನು ಯೋಚನೆ ಮಾಡಲಿಲ್ಲ ಎಂದು ಯಾರೂ ಅನ್ನಬೇಡಿ. ಮಾಡಿದೆ. ಹೆಸರು ಹೊಡೆದು ಹಾಕಿಸಿದರೆ ಅವರು ನೆಲಕ್ಕೆ ಬೀಳುತ್ತಾರೆ, ಆ ಪಾಪ ನನಗೆ ಬೇಡ ಅನ್ನಿಸಿತು. ಹಾಗೆಯೇ ಬಿಟ್ಟು ಹೋದರೆ ಇನ್ನೂ ಹದಿನಾರು ತಿಂಗಳು ಅವರು ಜೇಬಿನಲ್ಲಿ ಕಲ್ಲು ಇಟ್ಟುಕೊಂಡು ನನ್ನ ಮುಂದೆ ನಡೆಯುತ್ತಾರೆ, ನಾನು ಗೊತ್ತಿಲ್ಲದವಳ ಹಾಗೆ ಇರಬೇಕು. ಒಂದು ದಿನ, ಒಂದೇ ಒಂದು ದಿನ, ಅವರು ಒಬ್ಬರೇ ಕೂತು ಸುತ್ತಲಿ ಎಂದು ಬಿಡುವಷ್ಟು ದೊಡ್ಡ ಮನಸ್ಸು ನನ್ನ ಹತ್ತಿರ ಇದೆಯೇ ಎಂದು ಹುಡುಕಿ ನೋಡಿದೆ. ಇರಲಿಲ್ಲ. ಅಲ್ಲದೆ ಎಂಟು ವರ್ಷದ ಆಸೆ ನನ್ನ ಕಣ್ಣೆದುರಿಗೇ, ಕೈಗೆ ಸಿಗುವಷ್ಟು ಹತ್ತಿರದಲ್ಲಿ, ಮೂರು ಗೆರೆಯಾಗಿ ಬಿದ್ದಿತ್ತು.

"ಸೇರಿಸಿ," ಅಂದೆ. "ಕುಮುದ."

ಮಸಿ ಒಣಗುವ ಮೊದಲೇ ಕಾಲಿನ ಕೆಳಗೆ ನೆಲ ಸಡಿಲವಾಯಿತು. ಮೊದಲು ಹಿಮ್ಮಡಿ, ಆಮೇಲೆ ಬೆರಳು. ಕಾಗದ ತೂರುವಷ್ಟಲ್ಲ, ಒಂದೇ ಸಲಕ್ಕೆ ಎರಡು ಬೆರಳು. ಕಿಟಕಿಯ ಕಂಬಿ ಹಿಡಿದುಕೊಂಡು ಗಟ್ಟಿಯಾಗಿ ನಕ್ಕುಬಿಟ್ಟೆ. ಅಷ್ಟು ಹೊತ್ತಿನ ಕಿಚ್ಚು, ಸಂಕಟ, ಅವಮಾನ ಎಲ್ಲ ಎಲ್ಲಿ ಹೋಯಿತೋ.

"ಇಬ್ರು ಅಂದ್ಮೇಲೆ ಆಟಾನೂ ತಿದ್ಬೇಕಲ್ಲಮ್ಮ?" ಎಂದರು ಪದ್ಮನಾಭಯ್ಯ.

ನನ್ನ ಪಟ್ಟಿ ನಾಲಿಗೆಯ ತುದಿಯಲ್ಲೇ ಇತ್ತು. ಒಂದೇ ಉಸಿರಿಗೆ ಹೇಳಿದೆ, ಒಂದೂ ತಡವರಿಸಲಿಲ್ಲ. ಅವರು ಆರು ತೊಟ್ಟಿಲಿನ ಮೇಲೂ ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೆದುಕೊಂಡರು.

ಮನೆಗೆ ಹೇಗೆ ಬಂದೆನೋ ನನಗೇ ಗೊತ್ತಿಲ್ಲ. ಬೀದಿಯ ಕಲ್ಲು, ಸಗಣಿ, ನೀರು, ಒಂದೂ ಕಾಲಿಗೆ ಸಿಗಲಿಲ್ಲ. ಸೊಪ್ಪು ಮಾರುವವಳು, ಸೈಕಲ್ ಶಾಪಿನವನು, ಎಲ್ಲರೂ ನನ್ನ ಪಾದ ನೋಡಿದರು. ಎಲ್ಲರ ಮುಖದಲ್ಲೂ ನಾನು ಎಂಟು ವರ್ಷ ಇಟ್ಟುಕೊಂಡು ಓಡಾಡಿದ ಆ ಮುಖವನ್ನೇ ಕಂಡೆ. ಅದು ಎಂಥ ಸುಖ ಎಂದು ಹೇಳಲಾರೆ.

ಗಿರಣಿ ನಿಂತಿತ್ತು. ಚೆಲುವರಾಜು ಬಾಗಿಲಲ್ಲಿ ನಿಂತು ಕೆರೆಯ ಕಡೆ ನೋಡುತ್ತಿದ್ದರು. ಜೇಬಿನಲ್ಲಿ ಕಲ್ಲು ಇರಲಿಲ್ಲ. ನನ್ನ ಪೊರಕೆ ಮೂಲೆಯಲ್ಲಿ ಬಿದ್ದಿದ್ದು, ಗೂಟದ ಚಡ್ಡಿಯ ಜೇಬು ಹೊರಗೆ ಬಂದಿದ್ದು ನೋಡಿ ಅವರಿಗೂ ಎಲ್ಲ ತಿಳಿದುಹೋಗಿತ್ತು ಅನ್ನಿಸುತ್ತದೆ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಮುಟ್ಟಿಕೊಳ್ಳಲಿಲ್ಲ. ಅವರು ಒಂದು ಬೆರಳು ಮೇಲೆ, ನಾನು ಎರಡು ಬೆರಳು ಮೇಲೆ, ಎದುರುಬದುರಾಗಿ ನಿಂತೆವು. ಮದುವೆಯಾದಾಗಿನಿಂದ ನಾವು ಹಾಗೆ ನಿಂತದ್ದು ಅದೇ ಮೊದಲು.

"ಬಯ್ಯಲ್ಲ ಬಿಡಿ," ಅಂದೆ ನಾನು. "ಆಗಿದ್ದು ಆಯ್ತು. ನನ್ನ ಹೆಸರೂ ಬರೆಸ್ಬಂದೆ."

ಅವರು ನನ್ನ ಪಾದ ನೋಡಿದರು. "ಹೌದಾ," ಅಂದರು.

"ಹೂಂ. ಇನ್ಮೇಲೆ ಕಲ್ಲು ಗಿಲ್ಲು ಬೇಡ, ಇಬ್ರೂ ರಾಜಾರೋಷವಾಗಿ ಓಡಾಡೋಣ. ಆಟಾನೂ ತಿದ್ಸಿದೀನಿ. ಬೆಳಿಗ್ಗೆ ಹತ್ತಕ್ಕೆ ನೀರಿನ ಜಾರುಬಂಡೆ."

ಅವರ ಹಿಮ್ಮಡಿಯ ಕೆಳಗಿನ ಬೆಳಕು ಸ್ವಲ್ಪ ಸಣ್ಣದಾದಂತೆ ಕಂಡಿತು. ನನ್ನ ಕಣ್ಣಿನ ದೋಷ ಇರಬೇಕು ಎಂದುಕೊಂಡೆ. ನಿಲ್ಲಿಸಬೇಕಿತ್ತು. ನಿಲ್ಲಿಸಲು ಬಾಯಿ ಕೇಳಲಿಲ್ಲ, ಅಷ್ಟು ವರ್ಷದಿಂದ ತುಂಬಿಕೊಂಡಿದ್ದ ಪಟ್ಟಿ.

"ಹನ್ನೊಂದೂ ಕಾಲಿಗೆ ಪುಟಾಣಿ ರೈಲು. ಹನ್ನೆರಡೂವರೆಗೆ ಊಟ, ಎರಡು ಎಲೆ. ಪಾಯಸ ತೆಗೆಸಿ ಹೋಳಿಗೆ ಹಾಕ್ಸಿದೀನಿ. ಒಂದೂವರೆಗೆ ಕನ್ನಡಿ ಮನೆ."

ಅವರು ಬಾಗಿಲ ಚೌಕಟ್ಟಿಗೆ ಕೈ ಆನಿಸಿಕೊಂಡರು. ಮೆಟ್ಟಿಲು ಇಳಿಯುವ ಮುದುಕರು ಹಿಡಿಯುವ ಹಾಗೆ.

"ಎರಡೂವರೆಗೆ ದೋಣಿ. ನಾಲ್ಕಕ್ಕೆ ತೊಟ್ಟಿಲು. ಒಂದ್ಸಲ ಸಾಕು ಅದು, ತಲೆ ಸುತ್ತತ್ತೆ. ಅದರಲ್ಲಿ ಎದುರುಬದುರು ಕೂತ್ಕೊಂಡ್ರೆ ಮಾತಾಡ್ಕೊಂಡು ಹೋಗ್ಬಹುದಂತೆ ಕಣ್ರೀ, ಒಳಗೆ ಗಿರಣಿ ಸದ್ದು ಇರಲ್ಲ, ಏನಿರಲ್ಲ."

ಅವರ ಪಾದ ಪೂರ್ತಿ ನೆಲಕ್ಕೆ ಕೂತಿತು. ಸದ್ದೇನೂ ಆಗಲಿಲ್ಲ. ಅವರು ಒಮ್ಮೆ ಕೆಳಗೆ ನೋಡಿಕೊಂಡರು, ಮತ್ತೆ ತಲೆಯೆತ್ತಿ ನನ್ನನ್ನು ನೋಡಿ ನಕ್ಕರು. ಕೋಪದ ನಗೆ ಅಲ್ಲ, ಗಂಜಿ ತಂದುಕೊಟ್ಟಾಗಿನ ನಗೆ.

"ಒಳ್ಳೇದಾಯ್ತು ಕಣೇ," ಅಂದರು. "ನಿಂಗೆ ಬಹಳ ದಿನದಿಂದ ಆಸೆ ಇತ್ತು."

ಹಾಗೆಂದು ತಲೆಯಾಡಿಸಿ, ಒಳಗೆ ಹೋಗಿ ಗಿರಣಿಯ ಸ್ವಿಚ್ಚು ಹಾಕಿದರು. ಮಾತಾಡಲು ಆಗದಷ್ಟು ಸದ್ದು ತುಂಬಿಕೊಂಡಿತು. ನಾನು ಬಾಗಿಲಲ್ಲೇ ಇದ್ದೆ. ಚೌಕಟ್ಟು ಹಿಡಿದು, ಹಲ್ಲು ಕಚ್ಚಿ, ಮೈಯ ಭಾರವನ್ನೆಲ್ಲ ಕಾಲಿಗೆ ಬಿಟ್ಟು ಕೆಳಗೆ ಇಳಿಯಲು ನೋಡಿದೆ. ಆಗಲಿಲ್ಲ. ನನಗೆ ಅಷ್ಟು ಖುಷಿಯಾಗಿತ್ತು.